ಪಿನ್ನು ನುಂಗಿದ ಹಾಡು

ಕೂಲಿ, ಭೂಮಿ, ಬಾವಿ, ಗುಡಿಗಳ ಮಾತು ಬರುವ ಈ ಪುಟಗಳಲ್ಲಿ ನಾವು ಒಂದು ವೈರಿನ ತುದಿಯ ಪಿನ್ನಿನ ಬಗ್ಗೆ ಬರೆಯಲು ಕುಂತಿದ್ದೇವೆ. ಇದೇನು ರೇಡಿಯೋ ರಿಪೇರಿಯ ಪುಸ್ತಕವೇ ಎಂದು ನೀವು ನಗಬಹುದು. ನಗಿರಿ. ಆದರೆ ಆ ಪಿನ್ನಿನಿಂದ ನಾವು ಒಬ್ಬ ತಾಯಿಯ ಹಾಡನ್ನು ಕಳಕೊಂಡಿದ್ದೇವೆ. ಆ ಹಾಡು ಬೇರೆಲ್ಲೂ ಇಲ್ಲ. ಕಳೆದದ್ದು ಯಾವ ಗೌಡನ ಕೈಯಿಂದಲೂ ಅಲ್ಲ, ನಮ್ಮ ಕೈಯಿಂದಲೇ. ನಿಮ್ಮ ಕೈಯಿಂದ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇವೆ.

ನಾವು ಎಂದರೆ ನಾಲ್ಕು ತಾಲೂಕಿನ ನಾಲ್ಕು ಮಂದಿ. ಇಂಡಿಯ ಒಬ್ಬ ಹೈಸ್ಕೂಲು ಮಾಸ್ತರ, ಸಿಂದಗಿಯ ಒಬ್ಬ ಎಂ.ಎ. ವಿದ್ಯಾರ್ಥಿ, ಮುದ್ದೇಬಿಹಾಳದ ಕಡೆ ಮದುವೆ-ಜಾತ್ರೆಗೆ ಮೈಕು ಹಚ್ಚುವ ಒಬ್ಬ ಹುಡುಗ, ಬಸವನ ಬಾಗೇವಾಡಿಯ ಒಬ್ಬ ಸಂಘಟನೆಯ ಕಾರ್ಯಕರ್ತ. ನಾಲ್ವರೂ ಕೇರಿಯಿಂದ ಬಂದವರು. ನಾಲ್ವರೂ ಗಂಡಸರು. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಾಗೇವಾಡಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ನಮ್ಮ ಹಿರಿಯ ಮಾಸ್ತರರೊಬ್ಬರು ಇದ್ದರು. ಅವರ ಮೂಲ ಊರು ಈಗ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಅದು. ಕೃಷ್ಣೆಯ ನೀರು ಏರಿದ ಹಾಗೆ ಊರು ಜಾಗ ಬಿಟ್ಟಿತು. ಹೊಲಕ್ಕೆ ಅಳತೆಯಾಯಿತು, ಮನೆಗೆ ಅಳತೆಯಾಯಿತು, ಗಿಡಮರಕ್ಕೂ ಎಣಿಕೆಯಾಯಿತು. ಕೇರಿಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕುಂತು ಹಾಡಿದ ಪದಕ್ಕೆ ಯಾವ ಸಾಹೇಬ ಪಂಚನಾಮೆ ಮಾಡಿಯಾನು?

ಮಾಸ್ತರರು ಆ ಪಂಚನಾಮೆಯನ್ನು ತಾವೇ ಮಾಡಿದರು. ಒಂದು ಸಣ್ಣ ಟೇಪ್ ರೆಕಾರ್ಡರು, ಒಂದು ಸೈಕಲ್ಲು, ರಜೆಯ ದಿನಗಳು. 1986ರಿಂದ ಏಳೆಂಟು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕಿನ ಕೇರಿಗಳನ್ನು ತಿರುಗಿದರು. ಬೀಸುವ ಪದ, ರಾಶಿಯ ಕಣದ ಹಂತಿ ಪದ, ಮೊಹರಂನ ರಿವಾಯತ್ ಪದ, ಚೌಡಿಕೆ ಪದ, ಹಲಗಿಯ ಬೇರೆ ಬೇರೆ ಪೆಟ್ಟು. ಹಾಡಿನ ನಡುವೆ ಮಾತು. ಯಾವ ಬಾವಿಗೆ ಬಿಡುತ್ತಿರಲಿಲ್ಲ, ಯಾರ ಹೊಲದಲ್ಲಿ ಎಷ್ಟು ಸೇರು ಜೋಳಕ್ಕೆ ದುಡಿದೆವು, ಯಾರನ್ನು ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಬಿಟ್ಟರು, 1982ರಲ್ಲಿ ಕಾಯಿದೆ ಬಂದಮೇಲೂ ಅದು ಹೇಗೆ ನಡೆಯಿತು. ಹೀಗೆ ಇಪ್ಪತ್ತಮೂರು ಕ್ಯಾಸೆಟ್ಟು.

ಹಾಡು ಕೂಡಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಊರೂರು ತಿರುಗಿ ಹೆಣ್ಣುಮಕ್ಕಳ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ಬಂತು. ಅದು ದೊಡ್ಡ ಕೆಲಸ. ಆದರೆ ಪುಸ್ತಕ ತೆರೆದರೆ ಹಾಡು ಸಿಗುತ್ತದೆ, ಹಾಡಿದವಳ ದನಿ ಸಿಗುವುದಿಲ್ಲ. ಅವಳು ಎಲ್ಲಿ ಉಸಿರು ತಗೊಂಡಳು, ಎಲ್ಲಿ ಗಂಟಲು ಕಟ್ಟಿತು, ಕಲ್ಲಿನ ಸದ್ದು ಎಲ್ಲಿ ನಿಂತಿತು ಗೊತ್ತಾಗುವುದಿಲ್ಲ. ಅದು ಅವರ ತಪ್ಪಲ್ಲ. ಅವರ ಕೈಯಲ್ಲಿದ್ದದ್ದು ಕಾಗದ. ದನಿ ಹಿಡಿಯುವ ಮಿಷನ್ನು ಆಗ ಕಂಪನಿಯವರ ಕೈಯಲ್ಲಿತ್ತು, ಸಂಸ್ಥಾನದ ದೊರೆಗಳ ಮನೆಯಲ್ಲಿತ್ತು.

ಫಿಲಿಪ್ಸ್ ಕಂಪನಿ ಸಣ್ಣ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ಕೇರಿಗಳಿಗೆ ಅದು ಮುಟ್ಟಲು ಇಪ್ಪತ್ತು ವರ್ಷವೇ ಬೇಕಾಯಿತು. ಅಷ್ಟರಲ್ಲಿ ಇತ್ತ ಬೂಸಾ ಗಲಾಟೆ ಆಗಿ ಹೋಗಿತ್ತು, ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿದ್ದು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿಗೆ ಬಂದಿತ್ತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತ್ತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತ್ತು. ಓದುಬರಹ ಇಲ್ಲದವರ ಬಾಯಿಗೂ ಹೋರಾಟದ ಹಾಡು ಬಂದಿತ್ತು. ಅದು ಬಂದದ್ದು ಪುಸ್ತಕದಿಂದಲ್ಲ, ಕಿವಿಯಿಂದ. ದನಿಯ ಬೆಲೆ ನಮ್ಮವರಿಗೆ ಗೊತ್ತು. 1955ರಲ್ಲಿ ಬಿಬಿಸಿಯವರು ಬಾಬಾಸಾಹೇಬರನ್ನು ಮಾತಾಡಿಸಿ ದನಿ ಹಿಡಿದಿಟ್ಟರು. ಮರುವರ್ಷ ಡಿಸೆಂಬರ್ 6ಕ್ಕೆ ಅವರು ತೀರಿಕೊಂಡರು. ಇವತ್ತು ಕೇರಿಯ ಹುಡುಗ ಆ ದನಿಯನ್ನು ಮೊಬೈಲಿನಲ್ಲಿ ಕೇಳಿ ನೆಟ್ಟಗೆ ಕೂಡುತ್ತಾನೆ. ಇಂಗ್ಲಿಷು ತಿಳಿಯದಿದ್ದರೂ ಆ ದನಿಯ ಧೈರ್ಯ ತಿಳಿಯುತ್ತದೆ.

ನಮ್ಮ ಮಾಸ್ತರರ ಕಥೆಗೆ ಬರೋಣ. 2008ರಲ್ಲಿ ಅವರ ಅಳಿಯ ಒಂದು ಹಳೆಯ ಕಂಪ್ಯೂಟರು ತಂದುಕೊಟ್ಟ. ಇಬ್ಬರೂ ಕೂಡಿ ಇಪ್ಪತ್ತಮೂರು ಕ್ಯಾಸೆಟ್ಟನ್ನೂ ಅದರೊಳಗೆ ತುಂಬಿದರು. ಮರುವರ್ಷ, 2009ರ ಸೆಪ್ಟೆಂಬರ್ ಕೊನೆಗೆ ಮತ್ತು ಅಕ್ಟೋಬರ್ ಮೊದಲಿಗೆ, ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆ ಬಂತಲ್ಲ, ಆಗ ಮಾಸ್ತರರ ಮನೆಯ ಒಂದು ಗೋಡೆ ಬಿತ್ತು. ಟ್ರಂಕಿನೊಳಗಿನ ಕ್ಯಾಸೆಟ್ಟೆಲ್ಲ ಕೆಸರು ಕುಡಿದವು. ಕಂಪ್ಯೂಟರು ಮಾತ್ರ ಎತ್ತರದಲ್ಲಿತ್ತು, ಉಳಿಯಿತು. 2021ರ ಕೊರೋನಾದ ಎರಡನೆಯ ಅಲೆಯಲ್ಲಿ ಮಾಸ್ತರರು ಹೋದರು. ಹೋಗುವ ಮುಂದೆ ನಮಗೆ ಹೇಳಿದ್ದು ಒಂದೇ ಮಾತು: “ಹಾಡು ಅದರೊಳಗ ಅದಾವ, ತಗೊಂಡು ಇಟ್ಟುಕೊಳ್ರಿ.”

ತಗೊಳ್ಳಲು ನಮಗೆ ಎರಡು ವರ್ಷ ಹಿಡಿಯಿತು. ಇದೂ ನಮ್ಮ ತಪ್ಪೇ. ಸಭೆ, ಮೆರವಣಿಗೆ, ಜಯಂತಿ, ಪುಣ್ಯತಿಥಿ ಎಂದು ದಿನ ಹೋದವು. 2023ರ ದಸರಾ ರಜೆಯಲ್ಲಿ ಹೋದೆವು. ಹೋಗಿ ನೋಡಿದರೆ ಮಿಷನ್ನು ಮುಪ್ಪಾಗಿತ್ತು. ಮುಂದಿನ ಯುಎಸ್‌ಬಿ ತೂತು ಮುರಿದಿದ್ದವು. ಹಿಂದಿನ ತೂತಿಗೆ ಪೆನ್‌ಡ್ರೈವ್ ಹಾಕಿದರೆ ಗುರುತೇ ಹಿಡಿಯಲಿಲ್ಲ. ಸಿಡಿ ತಟ್ಟೆ ಹೊರಗೆ ಬರಲಿಲ್ಲ. ಹಾಡಿನ ಫೈಲು ಒತ್ತಿದರೆ ಹಾಡುತ್ತಿತ್ತು, ಅಷ್ಟೇ. ಒಳಗೆ ಹಾರ್ಡ್‌ಡಿಸ್ಕು ಆಗಾಗ ಟಕ್ ಟಕ್ ಎನ್ನುತ್ತಿತ್ತು.

ಪೇಟೆಯ ರಿಪೇರಿ ಅಂಗಡಿಗೆ ಒಯ್ದು ಡಿಸ್ಕು ಬಿಚ್ಚಿಸೋಣ ಎಂದೆವು. ಮಾಸ್ತರರ ಮನೆಯಾಕೆ, ನಾವೆಲ್ಲ ಆಯಿ ಎಂದು ಕರೆಯುವವರು, ಬಾಗಿಲಿಗೆ ಅಡ್ಡ ನಿಂತರು.

“ಮಿಷನ್ ಮನಿ ಬಿಟ್ಟು ಹೊರಗ ಹೋಗಂಗಿಲ್ಲ. ನನ್ನ ಮಗಂದು ಒಂದಽ ಒಂದು ಫೋಟೋ ಇತ್ತು. ದೊಡ್ಡದು ಮಾಡಿಸ್ತೀನಂತ ಪ್ಯಾಟಿಗೆ ಒಯ್ದರು. ಇವತ್ತಿಗೂ ಬಂದಿಲ್ಲ. ಏನ್ ತಗೊಳ್ಳೋದದ ಇಲ್ಲೇ ಕುಂತು ತಗೊಳ್ರಿ.”

ಅದಕ್ಕೆ ಎದುರು ಮಾತಿಲ್ಲ. ಮಗ ಇಲ್ಲ, ಫೋಟೋ ಇಲ್ಲ, ಗಂಡ ಇಲ್ಲ. ಸರಿ, ಅಲ್ಲೇ ಕುಂತು ತಗೊಳ್ಳುವುದು ಎಂದಾಯಿತು. ಕಂಪ್ಯೂಟರು ಹಾಡಬೇಕು, ಇನ್ನೊಂದು ಮಿಷನ್ನು ಅದನ್ನು ಹಿಡಿಯಬೇಕು. ಎರಡರ ನಡುವೆ ಒಂದು ವೈರು. ಎಷ್ಟು ಸರಳ ಅನ್ನಿಸಿತ್ತು!

ಮೈಕಿನ ಹುಡುಗ ತನ್ನ ಮಿಕ್ಸರು ತಂದ. ಅದರಲ್ಲೇ ಪೆನ್‌ಡ್ರೈವಿಗೆ ರೆಕಾರ್ಡು ಮಾಡುವ ಸವಲತ್ತು ಇತ್ತು. ಮಿಕ್ಸರಿನ ತೂತು ದೊಡ್ಡದು, ಕಾಲಿಂಚಿನದು, ಎಂದರೆ 6.35 ಮಿ.ಮೀ. ಕಂಪ್ಯೂಟರಿನ ಹಸಿರು ತೂತು ಸಣ್ಣದು, 3.5 ಮಿ.ಮೀ. ಎರಡೂ ಕಡೆ ಸಣ್ಣ ಪಿನ್ನಿರುವ ಆಕ್ಸ್ ವೈರು ನಮ್ಮ ಹತ್ತಿರ ಇತ್ತು. ಸಣ್ಣ ಪಿನ್ನನ್ನು ದೊಡ್ಡದು ಮಾಡುವ ಒಂದು ಕನ್ವರ್ಟರು ಬೇಕಾಯಿತು. ಪೇಟೆಯ ಒಂದು ಅಂಗಡಿಗೆ ಹೋಗಿ ಕೇಳಿದೆವು. ಕುಂತವನು ಡಬ್ಬಿಯೊಳಗೆ ಕೈ ಹಾಕಿ ಒಂದನ್ನು ತೆಗೆದುಕೊಟ್ಟ. “ಇದು ಬರ್ತದೇನ್ರಿ?” ಎಂದರೆ, “ತೂತಿನ್ಯಾಗ ಕುಂತ್ರ ಬಂದಂಗಽ ರೀ” ಎಂದ. ತೂತಿನಲ್ಲಿ ಕುಂತಿತು. ಟಕ್ ಎಂದು ಚೆಂದಾಗಿ ಕುಂತಿತು.

ಕಂಪ್ಯೂಟರಿನ ಹಿಂದಿನ ತೂತಿಗೆ ಮಾಸ್ತರರ ಸಣ್ಣ ಸ್ಪೀಕರು ಮೊದಲೇ ಹಚ್ಚಿತ್ತು. ಮುಂದಿನ ಹಸಿರು ತೂತಿಗೆ ನಮ್ಮ ವೈರು ಹಚ್ಚಿದೆವು. ಎರಡರಲ್ಲೂ ಸದ್ದು ಬರುತ್ತಿತ್ತು. ಮೊದಲ ಹಾಡನ್ನು ಆಯಿಯೇ ಆರಿಸಿದರು. ಅವರ ಅತ್ತಿಯದು. ಮುಳುಗಿದ ಊರಿನ ಕೇರಿಯಲ್ಲಿ ಬೀಸುಕಲ್ಲಿನ ಮುಂದೆ ಹಾಡಿದ್ದು. ಊರ ಬಾವಿಗೆ ಬಿಡದಿದ್ದಾಗ ಕೊಡ ಹೊತ್ತು ಕೃಷ್ಣೆಗೆ ನಡೆದ ಹೆಣ್ಣುಮಕ್ಕಳ ಹಾಡು ಅದು. ಒಂದೊಂದು ನುಡಿಯಲ್ಲೂ ಒಬ್ಬೊಬ್ಬಳ ಹೆಸರು. ಸರಕಾರದ ಯಾವ ದಫ್ತರದಲ್ಲೂ ಇರದ ಹೆಸರುಗಳು. ಕಲ್ಲು ತಿರುಗುವ ಸದ್ದು ಕೆಳಗೆ, ದನಿ ಮೇಲೆ. ಹದಿನೈದು ಮಿನಿಟು. ಆಯಿ ಸೆರಗು ಬಾಯಿಗೆ ಹಿಡಿದು ಕುಂತರು. ನಮ್ಮ ಕಣ್ಣೂ ತೊಯ್ದವು. ನಾಲ್ವರಲ್ಲಿ ಒಬ್ಬರೂ ಪೆನ್ನು ಹಿಡಿಯಲಿಲ್ಲ. ಯಾಕೆ ಹಿಡಿಯಬೇಕು, ರೆಕಾರ್ಡು ಆಗುತ್ತಿದೆಯಲ್ಲ!

ಮಿಕ್ಸರಿನ ದೀಪಗಳು ಏರುತ್ತಿರಲಿಲ್ಲ. ಕಂಪ್ಯೂಟರಿನ ಸದ್ದು ಕಮ್ಮಿ ಇರಬೇಕೆಂದು ಹುಡುಗ ಗೇನು ಏರಿಸಿದ. ದೀಪ ಒಂದೆರಡು ಹತ್ತಿದವು. ನಾವು ಸುಮ್ಮನಾದೆವು. ಹಾಡು ಮುಗಿಯುವ ಹೊತ್ತಿಗೆ ಟಕ್ ಟಕ್ ಸದ್ದು ಜೋರಾಯಿತು, ಕಂಪ್ಯೂಟರು ಗಪ್ಪಾಯಿತು. ಮತ್ತೆ ಚಾಲೂ ಮಾಡಿದಾಗ ಬೇರೆ ಫೈಲು ತೆರೆದವು, ಆ ಫೈಲು ತೆರೆಯಲಿಲ್ಲ. ಇರಲಿ, ನಮ್ಮ ಪೆನ್‌ಡ್ರೈವಿನಲ್ಲಿ ಬಂದಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆವು. ಆಮೇಲೆ ಪೆನ್‌ಡ್ರೈವು ಹಾಕಿ ಕೇಳಿದೆವು.

ಹಾಡು ಇರಲಿಲ್ಲ.

ಹದಿನೈದು ಮಿನಿಟು ಸರ್ರ್ ಎನ್ನುವ ಸದ್ದು. ಕ್ಯಾಸೆಟ್ಟಿನ ಟೇಪಿನ ಸದ್ದು ಅದು. ನಡುನಡುವೆ ದೂರದಲ್ಲಿ ಯಾರೋ ‘ಸ್’, ‘ಶ್’ ಎಂದಂತೆ ಮಾತಿನ ತುದಿ. ಕಲ್ಲೂ ಇಲ್ಲ, ದನಿಯೂ ಇಲ್ಲ, ಹೆಸರೂ ಇಲ್ಲ. ಸ್ಪೀಕರಿನಲ್ಲಿ ಅಷ್ಟು ಚೆಂದಾಗಿ ಕೇಳಿದ್ದು ಎಲ್ಲಿ ಹೋಯಿತು? ಆಯಿ ನಮ್ಮ ಮುಖ ನೋಡಿದರು. ನಾವು ನೆಲ ನೋಡಿದೆವು.

ಎಲ್ಲಿ ಹೋಯಿತು ಎಂಬುದನ್ನು ತಿಳಿಯಲು ನಾವು ನಾಲ್ಕೈದು ದಿನ ಓದಿದೆವು, ಕೇಳಿದೆವು, ಬಿಚ್ಚಿ ನೋಡಿದೆವು. ತಿಳಿದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಇದು ಎಲ್ಲೆಡೆ ಇದೆ. ಕನ್ನಡದಲ್ಲಿ, ಅದೂ ಕೇರಿಗೆ ತಿಳಿಯುವ ಕನ್ನಡದಲ್ಲಿ, ನಮ್ಮ ಕೈಗೆ ಸಿಗಲಿಲ್ಲ.

ಪಿನ್ನಿನ ಮೇಲೆ ಕರೇ ಉಂಗುರ ಇರುತ್ತವೆ. ಅವನ್ನು ಎಣಿಸಿರಿ. ಒಂದು ಉಂಗುರ ಇದ್ದರೆ ಲೋಹದ ಭಾಗ ಎರಡು. ಒಂದರಲ್ಲಿ ಸದ್ದು, ಇನ್ನೊಂದು ನೆಲ. ಇದು ಮೋನೋ. ಎರಡು ಉಂಗುರ ಇದ್ದರೆ ಭಾಗ ಮೂರು. ತುದಿ ಎಡದ ಸದ್ದು, ನಡುವಿನದು ಬಲದ ಸದ್ದು, ಬುಡ ನೆಲ. ಇದು ಸ್ಟೀರಿಯೋ. ಮೂರು ಉಂಗುರ ಇದ್ದರೆ ಭಾಗ ನಾಲ್ಕು. ಅದು ಮೊಬೈಲಿನ ಹೆಡ್‌ಫೋನಿನದು, ನಾಲ್ಕನೆಯದು ಮಾತಾಡುವ ಮೈಕಿಗೆ.

ಈಗ ಕೇಳಿರಿ. ಮಿಕ್ಸರಿನ ದೊಡ್ಡ ತೂತಿಗೂ ಮೂರು ಭಾಗದ ಪಿನ್ನು ಹೋಗುತ್ತದೆ. ಆದರೆ ಅಲ್ಲಿ ಆ ಮೂರರ ಅರ್ಥವೇ ಬೇರೆ. ಅಲ್ಲಿ ಎಡ-ಬಲ ಇಲ್ಲ. ವೇದಿಕೆಯಿಂದ ಉದ್ದಕ್ಕೆ ವೈರು ಎಳೆದಾಗ ದಾರಿಯಲ್ಲಿ ಕರೆಂಟಿನ ಗುಂಯ್ ಸದ್ದು, ಬೇರೆ ಗದ್ದಲ ಸೇರುತ್ತದೆ. ಅದನ್ನು ತೆಗೆಯಲು ಒಂದು ಉಪಾಯ ಮಾಡಿದ್ದಾರೆ. ಒಂದೇ ದನಿಯನ್ನು ಎರಡು ತಂತಿಯಲ್ಲಿ ಕಳಿಸುತ್ತಾರೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ಬುಡಮೇಲು. ದಾರಿಯ ಗದ್ದಲ ಮಾತ್ರ ಎರಡಕ್ಕೂ ಒಂದೇ ಥರ ಅಂಟುತ್ತದೆ. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಬುಡಮೇಲಾದ ದನಿ ಕಳೆದಾಗ ಕೂಡಿ ಇಮ್ಮಡಿಯಾಗುತ್ತದೆ. ಎರಡರಲ್ಲೂ ಒಂದೇ ಆಗಿದ್ದ ಗದ್ದಲ ಸೊನ್ನೆಯಾಗುತ್ತದೆ. ಒಳ್ಳೆಯ ಉಪಾಯವೇ.

ನಾವು ಕೊಂಡ ಕನ್ವರ್ಟರು ಮೂರು ಭಾಗವನ್ನು ಮೂರು ಭಾಗಕ್ಕೆ ಕೂಡಿಸುವಂಥದ್ದು. ಕಂಪ್ಯೂಟರಿನ ಎಡ ಮತ್ತು ಬಲ ಹೋಗಿ ಮಿಕ್ಸರಿನ ನೆಟ್ಟಗಿನ ತಂತಿಗೂ ಬುಡಮೇಲಿನ ತಂತಿಗೂ ಕುಂತವು. ಮಾಸ್ತರರ ಟೇಪ್ ರೆಕಾರ್ಡರಿಗೆ ಇದ್ದದ್ದು ಒಂದೇ ಮೈಕು. ಹಾಗಾಗಿ ಎಡದಲ್ಲಿ ಇದ್ದ ಹಾಡೇ ಬಲದಲ್ಲೂ ಇತ್ತು. ಎರಡರಲ್ಲೂ ಒಂದೇ ಇರುವುದು ಮಿಕ್ಸರಿನ ಲೆಕ್ಕದಲ್ಲಿ ಗದ್ದಲ. ಅದು ನಮ್ಮ ಅವ್ವನ ಹಾಡನ್ನು ಗದ್ದಲವೆಂದು ತಿಳಿದು ಅಳಿಸಿ ಹಾಕಿತು. ಟೇಪಿನ ಸರ್ರ್ ಸದ್ದು ಎಡಕ್ಕೂ ಬಲಕ್ಕೂ ಬೇರೆ ಬೇರೆ ಇತ್ತು. ಆದ್ದರಿಂದ ಅದನ್ನೇ ಹಾಡೆಂದು ತಿಳಿದು ಉಳಿಸಿಕೊಂಡಿತು.

ನಮ್ಮ ಹಾಡನ್ನು ಗದ್ದಲ ಎಂದವರು ಹಿಂದೆಯೂ ಇದ್ದರು. ನಮ್ಮ ಹಲಗಿ ಗುಡಿಯ ಮುಂದೆ ಬೇಕು, ಗುಡಿಯ ಒಳಗೆ ಬೇಡ. ನಮ್ಮ ಹೆಣ್ಣುಮಕ್ಕಳ ಪದ ಹೊಲದಲ್ಲಿ ಬೇಕು, ಸಾಹಿತ್ಯದಲ್ಲಿ ಬೇಡ. ಆದರೆ ಈ ಮಿಷನ್ನಿಗೆ ಜಾತಿ ಇಲ್ಲ. ಅದು ತನಗೆ ಹೇಳಿದ ಲೆಕ್ಕ ಮಾಡಿತು. ತಪ್ಪು ಲೆಕ್ಕ ಹೇಳಿದವರು ನಾವು. ಇದನ್ನು ವ್ಯವಸ್ಥೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಆಗಲಿಲ್ಲ.

ಆ ಸಂಜೆಯೇ, ಕಾರಣ ತಿಳಿಯುವ ಮೊದಲು, ಬೇರೆ ಹಾಡಿನ ಮೇಲೆ ಇನ್ನೂ ಎರಡು ತಪ್ಪು ಮಾಡಿದ್ದೆವು. ಮೊದಲು ಆಕ್ಸ್ ವೈರನ್ನು ನೇರ ಮೊಬೈಲಿನ ಹೆಡ್‌ಫೋನ್ ತೂತಿಗೆ ಹಾಕಿದೆವು. ಮೊಬೈಲು ರೆಕಾರ್ಡು ಮಾಡಿತು. ಕೇಳಿದರೆ ಹಾಡಿನ ಜೊತೆ ಫ್ಯಾನು, ಕೋಳಿ, ಹಿತ್ತಲಿನ ಆಡು, ನಮ್ಮ ಪಿಸುಮಾತು. ಎರಡು ಉಂಗುರದ ಪಿನ್ನಿನಲ್ಲಿ ಮೈಕಿನ ಭಾಗವೇ ಇಲ್ಲ. ಮೊಬೈಲು ಅದನ್ನು ಬರೇ ಹೆಡ್‌ಫೋನ್ ಎಂದು ತಿಳಿದು ತನ್ನ ಮೈಮೇಲಿನ ಮೈಕಿನಿಂದ ಕೋಣೆಯ ಸದ್ದು ಹಿಡಿದಿತ್ತು. ಆಮೇಲೆ ಲ್ಯಾಪ್‌ಟಾಪಿನ ಗುಲಾಬಿ ತೂತಿಗೆ ಹಾಕಿದೆವು. ದನಿ ಒಡೆದು ಹರಿದುಹೋಯಿತು. ಗುಲಾಬಿ ತೂತು ಮೈಕಿನದು, ಮೈಕಿನಿಂದ ಬರುವುದು ವೋಲ್ಟಿನ ಸಾವಿರದ ಕೆಲವೇ ಪಾಲು. ಕಂಪ್ಯೂಟರಿನ ಹಸಿರು ತೂತಿನಿಂದ ಹೊರಡುವುದು ಅದರ ನೂರು ಪಟ್ಟಿಗೂ ಹತ್ತಿರ. ಸೇರು ಹಿಡಿಯುವ ಪಾತ್ರೆಗೆ ಚೀಲ ಸುರಿದಂತೆ. ಹಸಿರಿನಿಂದ ಬಂದದ್ದು ನೀಲಿ ತೂತಿಗೆ ಹೋಗಬೇಕು, ಅದು ಲೈನ್ ಇನ್. ಹಸಿರು, ನೀಲಿ, ಗುಲಾಬಿ ಎಂಬ ಈ ಬಣ್ಣಗಳು ಅಂದಕ್ಕೆ ಹಚ್ಚಿದ್ದಲ್ಲ.

ಐದನೆಯ ದಿನ ಮತ್ತೆ ಆಯಿಯ ಮನೆಗೆ ಹೋದೆವು. ನಮಗೆ ಬೇಕಾದದ್ದು ಏನೆಂದು ಈಗ ಗೊತ್ತಿತ್ತು. ಒಂದು ಕಡೆ 3.5ರ ಸ್ಟೀರಿಯೋ ಪಿನ್ನು, ಇನ್ನೊಂದು ಕಡೆ ಸೀಳಿ ಎರಡಾದ ಮೋನೋ ಪಿನ್ನು, ಕೆಂಪು ಮತ್ತು ಬಿಳಿ. ಎಡ ಒಂದು ದಾರಿ, ಬಲ ಒಂದು ದಾರಿ. ಎರಡೂ ಮಿಕ್ಸರಿನ ‘ಟೇಪ್ ಇನ್’ ಎಂದು ಬರೆದ ಎರಡು ತೂತಿಗೆ ಹೋಗಬೇಕು. ಅಲ್ಲಿ ಕಳೆಯುವ ಲೆಕ್ಕ ಇಲ್ಲ. ಆ ವೈರು ಇಂಡಿಯಲ್ಲಿ ಹುಡುಕಿದೆವು, ಸಿಂದಗಿಯಲ್ಲಿ ಹುಡುಕಿದೆವು. ಟಿವಿಗೆ ಹಚ್ಚುವ ಮೂರು ಬಣ್ಣದ್ದು ಸಿಕ್ಕಿತು, ಇದು ಸಿಗಲಿಲ್ಲ. ಬರಿಗೈಯಲ್ಲಿ ಹೋಗಿ ಆಯಿಯ ಮುಂದೆ ಕುಂತು ವಿಷಯ ಹೇಳಿದೆವು.

“ಕೆಂಪು-ಬಿಳಿ ಮೂತೀದೇನು?” ಎಂದರು ಆಯಿ.

“ಹೌದ್ರಿ ಆಯಿ.”

ಎದ್ದು ಒಳಗೆ ಹೋದರು. ಅಡುಗೆಮನೆಯ ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಕೈಚೀಲ ತಂದರು. ಚೀಲದೊಳಗೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ವೈರು. ಒಂದು ಕಡೆ ಸಣ್ಣ ಪಿನ್ನು, ಒಂದು ಕಡೆ ಕೆಂಪು-ಬಿಳಿ.

“ಅವರು ಟೇಪಿನಿಂದ ಮಿಷನ್ನಿಗೆ ಇದನ್ನಽ ಹಚ್ಚತಿದ್ರು. ಬ್ಯಾರೆ ವೈರು ಹಚ್ಚಿದ್ರ ಹಾಡು ಹೊಕ್ಕೊಳ್ಳಾಂಗಿಲ್ಲ, ಜ್ವಾಕಿ ಇಡು ಅಂದಿದ್ರು. ಇಟ್ಟೀನಿ.”

ನಮ್ಮಲ್ಲೊಬ್ಬ ತಡೆಯದೆ ಕೇಳಿಬಿಟ್ಟ: “ಮೊದಲಽ ಯಾಕ ಹೇಳಲಿಲ್ಲ ಆಯಿ?”

“ನೀವು ಕೇಳಿದ್ರೇನ್ ತಮ್ಮಾ?”

ಸಂಗಾತಿಗಳೆ, ನಾವು ಕೇಳಿರಲಿಲ್ಲ. ಪೇಟೆಯ ಅಂಗಡಿಯವನನ್ನು ಕೇಳಿದ್ದೆವು. ಗೊತ್ತಿದ್ದವರನ್ನು, ಗೊತ್ತಿಲ್ಲದವರನ್ನು ಫೋನು ಹಚ್ಚಿ ಕೇಳಿದ್ದೆವು. ಅದೇ ಮನೆಯಲ್ಲಿ ಚಹಾ ಮಾಡಿಕೊಟ್ಟ, ರೊಟ್ಟಿ ಬಡಿದು ಹಾಕಿದ ಹೆಣ್ಣುಮಗಳನ್ನು ಕೇಳಲಿಲ್ಲ. ಇಪ್ಪತ್ತಮೂರು ಕ್ಯಾಸೆಟ್ಟು ಕಂಪ್ಯೂಟರಿಗೆ ಏರುವಾಗ ಅವರು ಪಕ್ಕದಲ್ಲೇ ಕುಂತಿದ್ದರು. ಯಾವ ತೂತಿಗೆ ಯಾವ ಮೂತಿ ಎಂದು ಕಂಡಿದ್ದರು. ವೈರಿನ ಹೆಸರು ಗೊತ್ತಿಲ್ಲದಿರಬಹುದು, ವೈರು ಗೊತ್ತಿತ್ತು. ಅಕ್ಷರ ಬಾರದವರಿಗೆ ಮಿಷನ್ನು ಏನು ತಿಳಿದೀತು ಎಂದು ನಾವು, ಸಮಾನತೆಯ ಮಾತಾಡುವ ನಾವು, ಬಾಯಿಬಿಟ್ಟು ಹೇಳದೆಯೇ ತಿಳಿದುಕೊಂಡಿದ್ದೆವು. ಬೇರೆಯವರು ನಮ್ಮ ಬಗ್ಗೆ ತಿಳಿದಂತೆಯೇ ನಾವು ಅವರ ಬಗ್ಗೆ ತಿಳಿದಿದ್ದೆವು. ನಾಲ್ವರೂ ಗಂಡಸರು ಎಂದು ಮೊದಲಿಗೆ ಹೇಳಿದ್ದು ಇದಕ್ಕೇ.

ಆ ವೈರು ಹಚ್ಚಿದೆವು. ಈ ಸಲ ಮೊದಲು ಅರ್ಧ ಮಿನಿಟು ರೆಕಾರ್ಡು ಮಾಡಿ, ನಿಲ್ಲಿಸಿ, ಪೆನ್‌ಡ್ರೈವು ತೆಗೆದು ಲ್ಯಾಪ್‌ಟಾಪಿಗೆ ಹಾಕಿ ಕೇಳಿದೆವು. ಕಣದ ಹಂತಿ ಪದ, ಎತ್ತಿನ ಕೊರಳ ಗಂಟೆಯ ಸಮೇತ ಇತ್ತು. ಮೈಕಿನ ಹುಡುಗ ಗೋಡೆಗೆ ಮುಖ ಮಾಡಿ ಅತ್ತ. ನಾಲ್ಕು ದಿನ ಕುಂತು ಇಪ್ಪತ್ತೆರಡು ಫೈಲು ತೆಗೆದೆವು. ಇಪ್ಪತ್ತಮೂರನೆಯದನ್ನು ಮತ್ತೆ ಮತ್ತೆ ಒತ್ತಿದೆವು. ತೆರೆಯಲಿಲ್ಲ. ಆಮೇಲೆ ಆಯಿಯೇ ಒಪ್ಪಿ, ಅವರ ಎದುರಿಗೇ ಡಿಸ್ಕು ಬಿಚ್ಚಿಸಿ ತಿಳಿದವರಿಗೆ ತೋರಿಸಿದೆವು. ಉಳಿದದ್ದು ಬಂತು, ಅದು ಬರಲಿಲ್ಲ.

ಹದಿನೈದು ಮಿನಿಟಿನ ಆ ಸರ್ರ್ ಸದ್ದನ್ನು ನಾವು ಅಳಿಸಿಲ್ಲ. ಅದನ್ನು ಹಿಡಿದುಕೊಂಡು ಪುನರ್ವಸತಿ ಕೇಂದ್ರದ ಮುದುಕಿಯರ ಹತ್ತಿರ ಹೋದೆವು. ಆ ಹಾಡು ಗೊತ್ತೇನ್ರಿ ಎಂದು ಕೇಳಿದೆವು. ಒಬ್ಬರಿಗೆ ಎರಡು ನುಡಿ ನೆನಪಿತ್ತು, ಇನ್ನೊಬ್ಬರಿಗೆ ರಾಗ ಮಾತ್ರ. ಕೃಷ್ಣೆಗೆ ನಡೆದವರ ಹೆಸರುಗಳಲ್ಲಿ ಐದು ಸಿಕ್ಕವು. ಈ ಸಲ ಮೈಕೂ ಇಟ್ಟೆವು, ಪೆನ್ನಿನಿಂದ ಕಾಗದದ ಮೇಲೆಯೂ ಬರೆದುಕೊಂಡೆವು. ಹಲಸಂಗಿಯ ಗೆಳೆಯರ ಹತ್ತಿರ ಮಿಷನ್ನು ಇರಲಿಲ್ಲ, ಕಾಗದ ಇತ್ತು, ಬರೆದರು. ನಮ್ಮ ಹತ್ತಿರ ಎರಡೂ ಇದ್ದವು, ಮಿಷನ್ನು ನಂಬಿ ಬರೆಯಲಿಲ್ಲ.

ನಿಮ್ಮ ಊರಿನಲ್ಲೂ ಇಂಥ ಮಿಷನ್ನು ಇರಬಹುದು. ಹೋದವರ ಹಾಡು, ಹಳೆಯ ಭಾಷಣ, ದೌರ್ಜನ್ಯಕ್ಕೆ ಸಾಕ್ಷಿ ಹೇಳಿದ ದನಿ ಯಾವುದೋ ಹಳೆಯ ಕಂಪ್ಯೂಟರಿನಲ್ಲಿ ಕುಂತಿರಬಹುದು. ಅಂಥದ್ದನ್ನು ತೆಗೆಯಲು ಹೋಗುವವರಿಗೆ ನಾವು ಕಲಿತದ್ದನ್ನು ಹೇಳಿಬಿಡುತ್ತೇವೆ.

ಮೊದಲು ವೈರು ಬೇಕೋ ಬೇಡವೋ ನೋಡಿರಿ. ಫೈಲು ಕಾಪಿ ಮಾಡಲು ಬಂದರೆ ಕಾಪಿ ಮಾಡಿರಿ, ಅದಕ್ಕಿಂತ ಒಳ್ಳೆಯದಿಲ್ಲ. ಕಾಪಿ ಆಗದ, ಆದರೆ ಹಾಡುವ ಸದ್ದಾದರೆ, ಅದೇ ಕಂಪ್ಯೂಟರಿನೊಳಗೇ ಹಿಡಿಯಬಹುದು. ಆಡಾಸಿಟಿ ಎಂಬ ಬಿಟ್ಟಿ ತಂತ್ರಾಂಶ ಇದೆ. ವಿಂಡೋಸಿನಲ್ಲಿ ಅದರ ‘ವಸಾಪಿ’ ಆರಿಸಿ, ‘ಲೂಪ್‌ಬ್ಯಾಕ್’ ಎಂದು ಬರೆದ ಸ್ಪೀಕರನ್ನು ಆರಿಸಿದರೆ ಕಂಪ್ಯೂಟರು ತಾನು ಹಾಡಿದ್ದನ್ನು ತಾನೇ ಬರೆದುಕೊಳ್ಳುತ್ತದೆ. ಮಿಷನ್ನಿನಿಂದ ಏನನ್ನೂ ಹೊರಗೆ ಒಯ್ಯಲಾಗದ ನಮ್ಮಂಥ ಕಡೆಗೆ ಮಾತ್ರ ವೈರು.

ವೈರು ಬೇಕಾದರೆ ಎರಡು ಪ್ರಶ್ನೆ ಕೇಳಿರಿ: ಈ ಕಡೆ ತೂತಿನಲ್ಲಿ ಯಾವ ಭಾಗಕ್ಕೆ ಏನು ಕೆಲಸ? ಆ ಕಡೆ ತೂತಿನಲ್ಲಿ ಯಾವ ಭಾಗಕ್ಕೆ ಏನು ಕೆಲಸ? ತೂತಿನಲ್ಲಿ ಕುಂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ಮಿಕ್ಸರಿಗೆ ಹೋಗುವುದಾದರೆ ಸೀಳಿದ ವೈರೇ ಬೇಕು, ಎಡ-ಬಲ ಬೇರೆ ಬೇರೆ ತೂತಿಗೆ. ದೊಡ್ಡ ತೂತೇ ಗತಿಯಾದರೆ ಸೀಳಿದ ವೈರಿನ ಎರಡು ತುದಿಗೂ ಒಂದು ಉಂಗುರದ ದೊಡ್ಡ ಪಿನ್ನು ಹಾಕಿರಿ. ಮೊಬೈಲಿಗೆ ಹೋಗುವುದಾದರೆ ಮೂರು ಉಂಗುರದ್ದು, ಮತ್ತು ಸದ್ದನ್ನು ಮೈಕಿನ ಮಟ್ಟಕ್ಕೆ ಇಳಿಸುವಂಥದ್ದು ಬೇಕು. ಎಷ್ಟೋ ಹೊಸ ಮೊಬೈಲುಗಳಲ್ಲಿ ದುಂಡು ತೂತೇ ಇಲ್ಲ, ಚಾರ್ಜಿನ ಸಿ ತೂತು ಒಂದೇ. ಅದರ ಕನ್ವರ್ಟರಿನಲ್ಲೂ ಎರಡು ಜಾತಿ. ಒಂದರೊಳಗೆ ಬರೇ ತಂತಿ, ಇನ್ನೊಂದರೊಳಗೆ ಸದ್ದನ್ನು ಬದಲಿಸುವ ಸಣ್ಣ ಚಿಪ್ಪು. ಹೊರಗಿನಿಂದ ನೋಡಲು ಎರಡೂ ಒಂದೇ. ಬರೇ ತಂತಿಯದು ಬಹಳ ಮೊಬೈಲುಗಳಲ್ಲಿ ನಡೆಯುವುದೇ ಇಲ್ಲ.

ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ. ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಸದ್ದಿನ ದೀಪ ಕೆಂಪಿಗೆ ಹೋಗಬಾರದು, ಒಡೆದ ದನಿ ಮತ್ತೆ ಕೂಡುವುದಿಲ್ಲ. ಉಳಿಸುವಾಗ ವೇವ್ ಫೈಲಿನಲ್ಲಿ ಉಳಿಸಿರಿ. ಒಂದು ಗಂಟೆಗೆ ಸುಮಾರು 600 ಎಂ.ಬಿ. ಆಗುತ್ತದೆ, ಆಗಲಿ. ಮೂರು ಕಾಪಿ ಮಾಡಿ ಮೂರು ಮನೆಯಲ್ಲಿ ಇಡಿರಿ. ಒಂದೇ ಮನೆಯಲ್ಲಿಟ್ಟರೆ ಏನಾಗುತ್ತದೆ ಎಂದು 2009ರ ಮಳೆ ತೋರಿಸಿದೆ.

ಎಲ್ಲಕ್ಕಿಂತ ಮೊದಲು, ರೆಕಾರ್ಡು ಮಾಡಿದ್ದನ್ನು ಕೇಳಿರಿ. ಸ್ಪೀಕರಿನಲ್ಲಿ ಕೇಳುತ್ತಿರುವುದು ಬೇರೆ, ಒಳಗೆ ಹೋಗಿ ಉಳಿದದ್ದು ಬೇರೆ. ಅರ್ಧ ಮಿನಿಟಿನ ಪರೀಕ್ಷೆ ಮಾಡಿದ್ದರೆ ಆ ಹಾಡು ಇವತ್ತು ಇರುತ್ತಿತ್ತು. ಸಭೆಯಲ್ಲಿ ಕೂಗಿದ್ದೆಲ್ಲ ಜನರ ಎದೆಯಲ್ಲಿ ದಾಖಲಾಯಿತೆಂದು ತಿಳಿಯುವ ನಮಗೆ ಈ ಪಾಠ ಬೇಕಾಗಿತ್ತು.

ಆ ಮೇಲೆ, ಆ ಮನೆಯ ಅವ್ವಂದಿರನ್ನು ಕೇಳಿರಿ. ಮಿಷನ್ನು ಬಿಚ್ಚುವ ಮೊದಲು ಕೇಳಿರಿ.

ಆಯಿಯ ಆ ವೈರು ಅವರ ಮನೆಯ ಮೊಳೆಗೇ ಇದೆ. ಅಂಥವೇ ಇನ್ನೂ ನಾಲ್ಕನ್ನು ಮೈಕಿನ ಹುಡುಗ ತಾನೇ ಪಿನ್ನು ತಂದು ಬೆಸುಗೆ ಹಾಕಿ ಮಾಡಿದ್ದಾನೆ. ಇಂಡಿಯಲ್ಲಿ ಒಂದು, ಸಿಂದಗಿಯಲ್ಲಿ ಒಂದು, ಮುದ್ದೇಬಿಹಾಳದಲ್ಲಿ ಒಂದು, ಬಾಗೇವಾಡಿಯಲ್ಲಿ ಒಂದು ಇಟ್ಟಿದ್ದೇವೆ. ಬೇಕಾದವರು ಬಂದು ಒಯ್ಯಿರಿ. ಬಾಡಿಗೆ ಇಲ್ಲ. ಕೆಲಸ ಮುಗಿದ ಮೇಲೆ ತಂದು ಮೊಳೆಗೆ ಹಾಕಿರಿ, ಮತ್ತು ಏನು ಸಿಕ್ಕಿತು ಎಂದು ನಮಗೂ ಒಂದು ಮಾತು ತಿಳಿಸಿರಿ.